ಅರವತ್ತರ ಮೇಲೆ ಹೊಸ ಬೈಕು, ದೂರದ ದಾರಿ

ನಿವೃತ್ತಿಯ ಹಣ ಕೈಗೆ ಬಂದಾಗ ಮನೆ ರಿಪೇರಿ, ಮಗಳ ಮದುವೆ, ಕಾಶಿಯಾತ್ರೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ಈಚಿನ ವರ್ಷಗಳಲ್ಲಿ ಇವರ ನಡುವೆ ಇನ್ನೊಂದು ಬಗೆಯವರೂ ಕಾಣಸಿಗುತ್ತಾರೆ. ಮಕ್ಕಳು ಒಂದು ನೆಲೆ ಕಂಡ ಮೇಲೆ ಸದ್ದಿಲ್ಲದೆ ಷೋರೂಮಿಗೆ ಹೋಗಿ 350 ಸಿ.ಸಿ.ಯ ಮೋಟಾರ್ ಸೈಕಲ್ ಕೊಂಡು ತಂದು, ‘ಮುಂದಿನ ತಿಂಗಳು ಇದರಲ್ಲೇ ಕಾರವಾರಕ್ಕೆ ಹೋಗಿಬರುತ್ತೇನೆ’ ಎಂದು ಸಾರುವವರು. ಹೆಂಡತಿ ಮಾತು ಬಿಡುತ್ತಾರೆ, ಮಗ ಫೋನಿನಲ್ಲಿ ರೇಗುತ್ತಾನೆ. ಕೊನೆಗೆ ವ್ಯಾಜ್ಯ ವೈದ್ಯರ ಮುಂದೆ ಬರುತ್ತದೆ: ‘ಡಾಕ್ಟ್ರೇ, ನೀವಾದರೂ ಇವರಿಗೆ ಬುದ್ಧಿ ಹೇಳಿ.’

ಹೋಗಬೇಡಿ ಎಂದುಬಿಡುವುದು ಸುಲಭ. ಆದರೆ ವಯಸ್ಸೊಂದೇ ಕಾರಣಕ್ಕೆ ಹಾಗೆ ಹೇಳುವುದು ಸರಿಯೆಂದು ನನಗೆ ತೋರುವುದಿಲ್ಲ. ಐವತ್ತೈದು ದಾಟಿದವರಿಗೆ ಲೈಸೆನ್ಸನ್ನು ಒಮ್ಮೆಗೆ 5 ವರ್ಷಕ್ಕೆ ಮಾತ್ರ ನವೀಕರಿಸಿ ಕೊಡುತ್ತಾರೆ, ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಆದರೆ ಆ ಪತ್ರ ಮಾರುಕಟ್ಟೆಗೆ ಹೋಗಿಬರುವ ಸವಾರಿಗೂ ದಿನಕ್ಕೆ ಎಂಟು ಗಂಟೆಯ ಸವಾರಿಗೂ ವ್ಯತ್ಯಾಸ ಮಾಡುವುದಿಲ್ಲ. ಆದ್ದರಿಂದ ನಾನು ಕೇಳುವುದು ಮೂರೇ ಪ್ರಶ್ನೆ: ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತೀರಿ, ಕತ್ತಲಾದ ಮೇಲೂ ಓಡಿಸುತ್ತೀರಾ, ದಿನವೂ ನುಂಗುವ ಗುಳಿಗೆಗಳು ಯಾವುವು? ಮೊದಲನೆಯದಕ್ಕೆ ‘ನಿಲ್ಲುವುದೇ ಇಲ್ಲ, ಒಂದೇ ಉಸಿರಿಗೆ ಹಾಸನ’ ಎಂಬ ಉತ್ತರ ಬಂದರೆ ಮನೆಯವರ ಪಕ್ಷ ವಹಿಸುತ್ತೇನೆ.

ಮೊದಲು ಗಾಡಿಯ ಮಾತು. ನಗರದಲ್ಲಿ ಓಡಾಡುವ 100 ಸಿ.ಸಿ. ಬೈಕು ಸುಮಾರು 110 ಕಿಲೋ ತೂಗಿದರೆ, ಈಗಿನ 350 ಸಿ.ಸಿ.ಯ ಗಾಡಿಗಳಲ್ಲಿ ಕೆಲವು 195 ಕಿಲೋ ತೂಗುತ್ತವೆ. ಓಡುವಾಗ ಈ ಭಾರ ತಿಳಿಯುವುದಿಲ್ಲ. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ಜಲ್ಲಿಯ ಮೇಲೆ ಕಾಲೂರಿ ನಿಲ್ಲುವಾಗ ತಿಳಿಯುತ್ತದೆ. ವಾಲಿದ ಗಾಡಿಯನ್ನು ತಡೆದು ನಿಲ್ಲಿಸಹೋಗಿ ಸೊಂಟ ಹಿಡಿಸಿಕೊಂಡವರು, ಮಣಿಕಟ್ಟು ಮುರಿದುಕೊಂಡವರು ಉಂಟು. ಬೀಳುವ ಗಾಡಿಯನ್ನು ಬೀಳಲು ಬಿಟ್ಟು ದೂರ ಸರಿಯುವುದೇ ಮೇಲು. ಇಂಡಿಕೇಟರ್ ಒಡೆದರೆ ಅಂಗಡಿಯಲ್ಲಿ ಸಿಗುತ್ತದೆ.

ಇನ್ನೊಂದು ವಿಚಾರವನ್ನು ಯಾರೂ ಯೋಚಿಸುವುದಿಲ್ಲ. ಯೌವನದಲ್ಲಿ ಹಳೆಯ ಬುಲೆಟ್ ಓಡಿಸಿದವರಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಂದಿನ ಗಾಡಿಗಳಲ್ಲಿ ಇದು ತಿರುಗುಮುರುಗು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಓಡಿಸಿದವರಿಗೆ ಈ ತೊಂದರೆ ಇಲ್ಲ, ಅದರ ಗೇರು ಎಡಕ್ಕೇ ಇತ್ತು. ಹತ್ತು ವರ್ಷ ರೂಢಿಯಾದ ಚಲನೆಯನ್ನು ಮೆದುಳು ಅಳಿಸಿಹಾಕುವುದಿಲ್ಲ. ಸಮಾಧಾನದಲ್ಲಿ ಓಡಿಸುವಾಗ ಹೊಸ ಪಾಠ ನೆನಪಿರುತ್ತದೆ. ಎಮ್ಮೆಯೊಂದು ದಿಢೀರನೆ ಅಡ್ಡ ಬಂದರೆ ಕಾಲು ಹಳೆಯ ಕಡೆಗೇ ಹೋಗಬಹುದು. ಹೊಸ ಎಂಜಿನ್ನನ್ನು ಮೊದಲ 500 ಕಿಲೋಮೀಟರು ಮೃದುವಾಗಿ ಓಡಿಸಿ ಸರ್ವಿಸಿಗೆ ಬಿಡುವುದು ವಾಡಿಕೆ. ಆ 500 ಕಿಲೋಮೀಟರನ್ನು ಊರ ಸುತ್ತಮುತ್ತ, ಬೆಳಗಿನ ಹೊತ್ತಿನಲ್ಲಿ, ಖಾಲಿ ರಸ್ತೆಯಲ್ಲಿ ಬ್ರೇಕು ಹಿಡಿದು ಹಿಡಿದು ಅಭ್ಯಾಸ ಮಾಡುವುದಕ್ಕೇ ಮೀಸಲಿಡಿ. ಪಳಗಬೇಕಾದದ್ದು ಎಂಜಿನ್ ಮಾತ್ರವಲ್ಲ, ಸವಾರನ ಕೈಕಾಲು, ಕುತ್ತಿಗೆಯೂ ಪಳಗಬೇಕು.

ಇನ್ನು ಕಣ್ಣು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ, 80ರಲ್ಲಿ 22 ಮೀಟರು. ಎದುರಿಗಿರುವುದನ್ನು ಗುರುತಿಸಿ ಬ್ರೇಕು ಒತ್ತಲು ವಯಸ್ಸಾದ ಮೇಲೆ ಅರ್ಧ ಸೆಕೆಂಡ್ ಹೆಚ್ಚು ಬೇಕಾದರೂ, ಅಷ್ಟರಲ್ಲಿ ಒಂದು ಬಸ್ಸಿನಷ್ಟು ದೂರ ಮುಂದೆ ಹೋಗಿರುತ್ತೀರಿ. ಅರವತ್ತರ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅರಳುವುದಿಲ್ಲ, ಮಸೂರವೂ ಮಂದವಾಗಿರುತ್ತದೆ. ಇಪ್ಪತ್ತರ ಯುವಕನ ಕಣ್ಣಿಗೆ ಹೋಲಿಸಿದರೆ ಅಕ್ಷಿಪಟಲಕ್ಕೆ ತಲುಪುವ ಬೆಳಕು ಸುಮಾರು ಮೂರರಲ್ಲೊಂದು ಪಾಲು. ಎದುರಿನ ಲಾರಿಯ ದೀಪ ಕಣ್ಣು ಕುಕ್ಕಿದರೆ ದೃಷ್ಟಿ ಮರಳಿ ಬರಲು ಹೆಚ್ಚು ಹೊತ್ತು ಬೇಕು. ಪೊರೆ ಶುರುವಾಗಿದ್ದರಂತೂ ಒಂದು ದೀಪ ಹತ್ತಾಗಿ ಒಡೆದು ಕಾಣುತ್ತದೆ. ಆದ್ದರಿಂದ ಸಂಜೆ 5 ಗಂಟೆಗೆ ರೂಮು ಸೇರಿರಬೇಕೆಂಬ ನಿಯಮದಲ್ಲಿ ರಿಯಾಯಿತಿ ಬೇಡ. ಹೊರಡುವ ಮುಂಚೆ ಒಮ್ಮೆ ಕಣ್ಣಿನ ಪರೀಕ್ಷೆ ಆಗಲಿ. ಕನ್ನಡಕ ಹೆಲ್ಮೆಟ್ಟಿನೊಳಗೆ ನೇರವಾಗಿ ಕೂರುತ್ತದೆಯೇ ನೋಡಿಕೊಳ್ಳಿ.

ದೂರದ ಸವಾರಿಯಲ್ಲಿ ವಯಸ್ಸಾದವರಿಗೆ ಹೆಚ್ಚು ತೊಂದರೆ ಕೊಡುವುದು ನೀರಿನ ವಿಷಯ. ಗಂಡಸರಲ್ಲಿ ಈ ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ದಾರಿಯಲ್ಲಿ ಎಲ್ಲಿ ನಿಲ್ಲಿಸುವುದು ಎಂಬ ಸಂಕೋಚಕ್ಕೆ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಗಾಳಿಗೆ ಬೆವರು ಮೂಡಿದ ಹಾಗೆಯೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದೇ ಗೊತ್ತಾಗುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯೂ ಮಂದ. ಅದರ ಮೇಲೆ ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರೆ, ಪ್ರಾಸ್ಟೇಟಿಗೆಂದು ಟ್ಯಾಮ್ಸುಲೋಸಿನ್‌ನಂಥ ಔಷಧಿ ಇದ್ದರೆ, ಎರಡು ಗಂಟೆ ಕೂತು ದಡಕ್ಕನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ನನಗೆ ಗೊತ್ತಿರುವ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಚನ್ನರಾಯಪಟ್ಟಣದ ಬಳಿ ಹೋಟೆಲ್ ಮುಂದೆ ಗಾಡಿ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕುಸಿದರು. ಹೃದಯಾಘಾತವೆಂದು ಎಲ್ಲರೂ ಗಾಬರಿಯಾದರು. ಇ.ಸಿ.ಜಿ. ಸರಿಯಾಗಿತ್ತು. ಬೆಳಿಗ್ಗೆಯಿಂದ ಅವರು ಕುಡಿದದ್ದು ಅರ್ಧ ಲೋಟ ಕಾಫಿ. ಇದೇ ತಲೆಸುತ್ತು ಹತ್ತು ನಿಮಿಷ ಮೊದಲು, ಗಾಡಿಯ ಮೇಲಿರುವಾಗಲೇ ಬಂದಿದ್ದರೆ?

ಹಾಗಾಗಿ ಗಂಟೆಗೊಮ್ಮೆ, ಇಲ್ಲವೆ 50 ಕಿಲೋಮೀಟರಿಗೊಮ್ಮೆ ನಿಲ್ಲಬೇಕು. ನಿಂತಾಗ ಒಂದು ಲೋಟ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಮೂತ್ರಕ್ಕೆ ಹೋಗಿ, ಐದು ನಿಮಿಷ ನಡೆದಾಡಬೇಕು. ನಡೆದಾಡುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ತಗ್ಗುತ್ತದೆ. ಸ್ಟ್ಯಾಂಡ್ ಹಾಕಿ ಅರ್ಧ ನಿಮಿಷ ಸೀಟಿನ ಮೇಲೇ ಕೂತು ಆಮೇಲೆ ಇಳಿಯಿರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು ಮಿತಿ ಮಾಡಿರುವವರು ಎಷ್ಟು ಕುಡಿಯಬೇಕೆಂದು ತಮ್ಮ ವೈದ್ಯರನ್ನೇ ಕೇಳಬೇಕು. ಮಾತ್ರೆಯನ್ನು ತಾವಾಗಿ ಬಿಡುವಂತಿಲ್ಲ.

ಸಕ್ಕರೆ ಕಾಯಿಲೆಯವರು ಇನ್ನಷ್ಟು ಹುಷಾರಾಗಿರಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ತಿಂಡಿ ತಡವಾದರೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಮಂಕು ಅದರ ಲಕ್ಷಣ. ಹೆಲ್ಮೆಟ್ಟು ಜಾಕೆಟ್ಟಿನ ಒಳಗೆ ಇದನ್ನೆಲ್ಲ ಬಿಸಿಲಿನ ಸೆಕೆಯೆಂದೇ ತಿಳಿಯುತ್ತಾರೆ. ಹೊರಡುವ ಮೊದಲು ಮೀಟರಿನಲ್ಲಿ ನೋಡಿ, 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಬೇಕು. ಎರಡು ಗಂಟೆಗೊಮ್ಮೆ ಮತ್ತೆ ನೋಡಬೇಕು. ದಾರಿಯಲ್ಲಿ ಇಳಿದರೆ ಸಕ್ಕರೆ ತಿಂದು, ಸರಿಹೋದ ಮೇಲೂ ಮುಕ್ಕಾಲು ಗಂಟೆ ಕಾಯಬೇಕು. ಇನ್ಸುಲಿನ್ನನ್ನು ಗಾಡಿಯ ಪೆಟ್ಟಿಗೆಯಲ್ಲಿಟ್ಟು ಬಿಸಿಲಿಗೆ ನಿಲ್ಲಿಸಿದರೆ ಅದು ಕೆಟ್ಟುಹೋಗುತ್ತದೆ.

ನೆಗಡಿ, ತುರಿಕೆಯ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುತ್ತವೆ, ಸವಾರಿಯ ದಿನ ಅವು ಬೇಡ. ರಕ್ತ ತೆಳುವಾಗಿಸುವ ಔಷಧಿಯವರಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ಅಪಾಯಕಾರಿಯಾಗಬಹುದು. ಸ್ಟೆಂಟ್ ಹಾಕಿಸಿಕೊಂಡವರು, ಫಿಟ್ಸ್ ಬಂದಿದ್ದವರು, ಹಿಂದೆ ಕಾರಣವಿಲ್ಲದೆ ಎಚ್ಚರ ತಪ್ಪಿದವರು ಮೊದಲು ತಮ್ಮ ವೈದ್ಯರನ್ನು ಕಂಡೇ ಮುಂದಿನ ಮಾತು. ಬೆರಳಿಗೆ ಜೋಮು ಹಿಡಿದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದೀರಿ ಎಂದರ್ಥ. ಕುತ್ತಿಗೆ ಸವೆತ ಇರುವವರು ಹಗುರವಾದ, ಐ.ಎಸ್.ಐ. ಗುರುತಿನ ಹೆಲ್ಮೆಟ್ ಆರಿಸಲಿ. ಹಿಂದೆ ಕೂರುವ ಮನೆಯಾಕೆಗೂ ಅಂಥದ್ದೇ ಇರಲಿ. ಅವರ ಮಂಡಿನೋವಿಗೆ ಹತ್ತಿ ಇಳಿಯುವುದೇ ಕಷ್ಟವಾಗಿದ್ದರೆ ಬಸ್ಸಿನಲ್ಲಿ ಬಂದು ಊರಿನಲ್ಲಿ ಸೇರಿಕೊಳ್ಳಲಿ, ಅದರಲ್ಲಿ ಅವಮಾನವೇನಿಲ್ಲ.

ಬೆಂಗಳೂರಿನಿಂದ ಕಾರವಾರಕ್ಕೆ ಶಿರಾಡಿ ಘಾಟಿಯ ಮೇಲೆ 600 ಕಿಲೋಮೀಟರಿಗೂ ಹೆಚ್ಚು. ಹುಡುಗರು ಒಂದೇ ದಿನದಲ್ಲಿ ಮುಟ್ಟುತ್ತಾರೆ. ನೀವು ಮೊದಲ ರಾತ್ರಿ ಸಕಲೇಶಪುರದಲ್ಲಿ, ಎರಡನೆಯದು ಉಡುಪಿಯಲ್ಲಿ ಕಳೆದು, ಮೂರನೆಯ ಮಧ್ಯಾಹ್ನ ಕಾರವಾರ ತಲುಪಿ. ದಿನಕ್ಕೆ ಸುಮಾರು 200 ಕಿಲೋಮೀಟರಾಯಿತು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನೋಡಿಕೊಂಡು ಕೂರಲೂ ಸಮಯ ಉಳಿಯುತ್ತದೆ. ಮಳೆಗಾಲದಲ್ಲಿ ಘಾಟಿ ಬೇಡ, ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯ ಸೆಕೆ ಬೇಡ. ಡಿಸೆಂಬರ್ ಜನವರಿಯಲ್ಲಿ ಸಕಲೇಶಪುರದಿಂದ ಹೊರಡುವುದಾದರೆ ಮಂಜು ಕರಗುವ ತನಕ ಕಾಯಿರಿ.

ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ‘ಮುಂದಿನ ಊರಿನ ತನಕ ಹೋಗೋಣ’ ಎನ್ನಬೇಡಿ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ 108 ಅಥವಾ 112ಕ್ಕೆ ಫೋನ್ ಮಾಡಿ. ನಿಮ್ಮ ಹೆಸರು, ರಕ್ತದ ಗುಂಪು, ಕಾಯಿಲೆ, ಮಾತ್ರೆಗಳು, ಮನೆಯ ಫೋನ್ ನಂಬರು ಬರೆದ ಚೀಟಿ ಅಂಗಿಯ ಜೇಬಿನಲ್ಲಿರಲಿ. ಅದನ್ನು ಮೊಬೈಲಿನಲ್ಲಿಟ್ಟು ಬೀಗ ಹಾಕಿದರೆ ದಾರಿಹೋಕರು ಓದಲಾರರು.