ರಾಸುಗಳ ಕ್ಷಯರೋಗ: ಪರೀಕ್ಷೆಯಿಂದಲೇ ಲಾಭ

ಕ್ಷಯ ಮನುಷ್ಯರಿಗಷ್ಟೇ ಬರುವ ರೋಗವೆಂದು ಅನೇಕ ಸದಸ್ಯರು ತಿಳಿದಿದ್ದಾರೆ. ಹಸು, ಎಮ್ಮೆಗಳಿಗೂ ಇದು ತಗಲುತ್ತದೆ. ಸೋಂಕು ತಗಲಿದ ರಾಸು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ. ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ. ಅದು ಕೆಮ್ಮಿ ಸೊರಗುವ ಹೊತ್ತಿಗೆ ಪಕ್ಕದ ರಾಸಿಗೆ ಉಸಿರಿನಿಂದಲೂ ಕರುವಿಗೆ ಹಾಲಿನಿಂದಲೂ ರೋಗ ದಾಟಿರಬಹುದು. ಹಸಿ ಹಾಲು ಕುಡಿಯುವ ಮಕ್ಕಳಿಗೂ ಅಪಾಯವಿದೆ.

ನಷ್ಟವನ್ನು ನೀವೇ ಲೆಕ್ಕ ಹಾಕಿ. ದಿನಕ್ಕೆ ಒಂದೇ ಲೀಟರ್ ಇಳಿದರೂ 300 ದಿನಗಳ ಒಂದು ಸೂಲಿನಲ್ಲಿ 300 ಲೀಟರ್ ಹೋಯಿತು. ಮೇವು, ಹಿಂಡಿಯ ಖರ್ಚು ಮಾತ್ರ ಇಳಿಯುವುದಿಲ್ಲ.

ಅಮೆರಿಕದಲ್ಲಿ 1917ರಲ್ಲಿ ಹತೋಟಿ ಕಾರ್ಯಕ್ರಮ ಆರಂಭವಾದಾಗ ನೂರಕ್ಕೆ ಸುಮಾರು 5 ರಾಸುಗಳಿಗೆ ಕ್ಷಯವಿತ್ತು. ರಾಸುಗಳನ್ನು ಪರೀಕ್ಷಿಸಿ, ರೋಗವಿದ್ದವನ್ನು ತೆಗೆದು, ಮಾಲೀಕರಿಗೆ ಪರಿಹಾರ ಕೊಟ್ಟರು. ಪರಿಹಾರ ಸಾಲದೆಂದೂ ಪರೀಕ್ಷೆಯಲ್ಲಿ ನಂಬಿಕೆ ಇಲ್ಲವೆಂದೂ ವಿರೋಧಿಸಿದವರಿದ್ದರು. 1931ರಲ್ಲಿ ಅಯೋವಾ ರಾಜ್ಯದಲ್ಲಿ ಸೈನಿಕರ ಕಾವಲಿನಲ್ಲಿ ಪರೀಕ್ಷೆ ನಡೆಸಬೇಕಾಯಿತು. ಆದರೂ 1940ರ ಹೊತ್ತಿಗೆ ರೋಗ ಇನ್ನೂರಕ್ಕೆ ಒಂದರ ಮಟ್ಟಕ್ಕೆ ಇಳಿಯಿತು. ಬಂದ ಲಾಭ ಖರ್ಚಿಗಿಂತ ಹಲವು ಪಟ್ಟು.

ನಮ್ಮ ರಾಜ್ಯದಲ್ಲಿ ಹಸುವನ್ನು ಕೊಲ್ಲಲು ಕಾನೂನಿನ ನಿರ್ಬಂಧವಿದೆ. ಆದ್ದರಿಂದ ಪರೀಕ್ಷೆ, ಬೇರ್ಪಡಿಕೆ, ಕಾಯಿಸಿದ ಹಾಲು ಇವೇ ನಮ್ಮ ದಾರಿ.

ಪರೀಕ್ಷೆ ಸರಳ. ಕತ್ತಿನ ಚರ್ಮದೊಳಗೆ ಟ್ಯೂಬರ್ಕ್ಯುಲಿನ್ ಚುಚ್ಚಿ, 72 ಗಂಟೆಗಳ ನಂತರ ಚರ್ಮದ ದಪ್ಪ ಅಳೆಯುತ್ತಾರೆ. 4 ಮಿ.ಮೀ. ಅಥವಾ ಹೆಚ್ಚು ಊದಿದ್ದರೆ ಸೋಂಕಿನ ಲಕ್ಷಣ. ಹೊಸದಾಗಿ ಕರು ಹಾಕಿದ ಹಸುವಿನಲ್ಲಿ ಫಲಿತಾಂಶ ತಪ್ಪಬಹುದು. ವೈದ್ಯರಿಗೆ ಮೊದಲೇ ತಿಳಿಸಿ.

ಸದಸ್ಯರು ಗಮನಿಸಬೇಕಾದವು:

1. ಹೊಸ ರಾಸು ಕೊಳ್ಳುವ ಮುನ್ನ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ನಿಮ್ಮ ರಾಸುಗಳ ಜೊತೆ ಕಟ್ಟಬೇಡಿ.

2. ಸೋಂಕು ಕಂಡ ರಾಸಿಗೆ ಪ್ರತ್ಯೇಕ ಕೊಟ್ಟಿಗೆ, ಪ್ರತ್ಯೇಕ ನೀರಿನ ಬಾನಿ ಇರಲಿ. ಅದರ ಹಾಲನ್ನು ಸಂಘಕ್ಕೆ ಹಾಕಬೇಡಿ. ಕರುವನ್ನು ಹುಟ್ಟಿದ ಕೂಡಲೇ ಬೇರೆ ಮಾಡಿ, ಆರೋಗ್ಯವಂತ ಹಸುವಿನ ಗಿಣ್ಣುಹಾಲು ಕುಡಿಸಿ.

3. ಕೊಟ್ಟಿಗೆಗೆ ಗಾಳಿ, ಬಿಸಿಲು ಬರಲಿ.

4. ಮನೆಗೂ ಮಕ್ಕಳಿಗೂ ಹಾಲನ್ನು ಕುದಿಸಿಯೇ ಬಳಸಿ.

5. ಮನೆಯವರಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ; ಚಿಕಿತ್ಸೆ ಉಚಿತ. ಮನುಷ್ಯರಿಂದ ರಾಸಿಗೂ ರೋಗ ಹರಡಬಲ್ಲದು.

6. ರಾಸಿಗೆ ನೀವೇ ಕ್ಷಯದ ಮಾತ್ರೆ ಕೊಡಬೇಡಿ. ರೋಗ ವಾಸಿಯಾಗುವ ಖಾತ್ರಿಯಿಲ್ಲ, ಔಷಧದ ಅಂಶ ಹಾಲಿಗೆ ಸೇರುತ್ತದೆ.

ಕೊನೆಯ ಮಾತು. ಸೋಂಕು ಕಂಡ ರಾಸನ್ನು ಗುಟ್ಟಾಗಿ ಸಂತೆಗೆ ಹೊಡೆಯುವ ಆಸೆ ಸಹಜ. ಸಾಲ ಮಾಡಿ ತಂದ ಹಸುವಾದರೆ ಆ ಸಂಕಟ ನಮಗೂ ಅರ್ಥವಾಗುತ್ತದೆ. ಆದರೆ ಅದು ಇನ್ನೊಬ್ಬ ಸದಸ್ಯರ ಕೊಟ್ಟಿಗೆ ಸೇರಿದರೆ, ಅದೇ ಸಂತೆಯ ದಾರಿಯಲ್ಲಿ ರೋಗ ನಾಳೆ ನಮ್ಮಲ್ಲಿಗೇ ಮರಳಬಹುದು. ಮಾರುವ ಮುನ್ನ ಒಮ್ಮೆ ನಿಮ್ಮ ಪಶುವೈದ್ಯರನ್ನು ಕೇಳಿ.