ಮೊದಲ ಸೋಲೋಗೆ ಮುನ್ನ

ಮಗೂ, ಬರುವ ವಾರ ಜಕ್ಕೂರಿನಿಂದ ಸೆಸ್ನಾ 172ರಲ್ಲಿ ನೀನೊಬ್ಬಳೇ ಮೇಲೇರುತ್ತೀಯ. ಇರುವುದು ಒಂದೇ ಎಂಜಿನ್. ಅದು ನಿಂತರೆ ಏನು ಮಾಡಬೇಕೆಂದು ಕೈಪಿಡಿಯಲ್ಲಿದೆ. ಜೊತೆಗೆ ಈ ಮಾತುಗಳೂ ನೆನಪಿರಲಿ.

• ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಮೂಗು ತಗ್ಗಿಸಿ ವೇಗವನ್ನು ಸುಮಾರು 65 ನಾಟ್‌ಗೆ ತಾ, ಟ್ರಿಮ್ ಮಾಡು. ನಿನ್ನ ವಿಮಾನದ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ. ಗಾಳಿಯಿಲ್ಲದಿದ್ದರೆ 1000 ಅಡಿ ಎತ್ತರಕ್ಕೆ ಎರಡೂವರೆ ಕಿಲೋಮೀಟರ್‌ನಷ್ಟು ತೇಲುತ್ತದೆ. ಸಿಗುವುದು ಸುಮಾರು ಒಂದೂಕಾಲು ನಿಮಿಷ. ಎತ್ತರ ಉಳಿಸುವ ಆಸೆಗೆ ಮೂಗೆತ್ತಿದರೆ ಸ್ಟಾಲ್ ಆಗುತ್ತದೆ.

• ಜಕ್ಕೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆಲ್ಟಿಮೀಟರ್ 4000 ತೋರಿಸುವಾಗ ನಿನ್ನ ಕಾಲಡಿ ಇರುವುದು ಬರೀ 1000.

• ಟೇಕಾಫ್ ಆದ ಕೂಡಲೇ ನಿಂತರೆ ರನ್‌ವೇಗೆ ಹಿಂದಿರುಗಲು ಹೋಗಬೇಡ. ಎದುರಿಗೆ, ತುಸು ಎಡಬಲಕ್ಕೆ ಏನಿದೆಯೋ ಅಲ್ಲೇ ಇಳಿ. ಅಷ್ಟು ತಗ್ಗಿನಲ್ಲಿ ತಿರುಗಲು ಹೋಗಿ ಜೀವ ಕಳೆದುಕೊಂಡವರು ಬಹಳ ಮಂದಿ.

• ಎತ್ತರವಿದ್ದರೆ ಮೊದಲು ಹೊಲ ಆರಿಸು, ಆಮೇಲೆ ಎಂಜಿನ್ ನೋಡು. ಕೊಯ್ಲಾದ ರಾಗಿ ಹೊಲ ಒಳ್ಳೆಯದು. ಉಳುಮೆ ಸಾಲಿನ ಗುಂಟ ಇಳಿ. ದ್ರಾಕ್ಷಿ ಚಪ್ಪರ ಮೇಲಿನಿಂದ ಹಸಿರು ಚಾಪೆಯಂತೆ ಕಾಣುತ್ತದೆ, ಅಡಿಯಲ್ಲಿರುವುದು ಕಲ್ಲುಕಂಬ, ತಂತಿ. ಅಂತರಗಂಗೆ ಮುಚ್ಚಿದ ಕೆರೆಯೂ ಹುಲ್ಲುಗಾವಲಿನಂತೆಯೇ ಕಾಣುತ್ತದೆ. ಕರೆಂಟಿನ ತಂತಿ ಕಣ್ಣಿಗೆ ಬೀಳುವುದಿಲ್ಲ, ಕಂಬ ಹುಡುಕು. ಗಾಳಿಯ ದಿಕ್ಕನ್ನು ಹೊಗೆ ಹೇಳುತ್ತದೆ, ತೆಂಗಿನ ಗರಿ ಹೇಳುತ್ತದೆ. ಒಮ್ಮೆ ಆರಿಸಿದ ಹೊಲವನ್ನು ಕೊನೆಗಳಿಗೆಯಲ್ಲಿ ಬದಲಿಸಬೇಡ.

• ಇಂಧನದ ಸೆಲೆಕ್ಟರ್ ಎರಡೂ ಟ್ಯಾಂಕಿಗೆ, ಮಿಕ್ಸ್‌ಚರ್ ರಿಚ್, ಕಾರ್ಬ್ಯುರೇಟರ್ ಹೀಟ್, ಮ್ಯಾಗ್ನೆಟೊ: ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡು. ಒಂದು ಮಳೆಗಾಲ, ನಂದಿಬೆಟ್ಟದ ಆಚೆ, ನನ್ನ ಆರ್‌ಪಿಎಂ ಮೆಲ್ಲಗೆ ಇಳಿಯುತ್ತಿತ್ತು. ನಾನು ಥ್ರಾಟಲ್ ಒತ್ತುತ್ತಲೇ ಇದ್ದೆ. ಹೊರಗೆ ಇಪ್ಪತ್ತು ಡಿಗ್ರಿ ಇದ್ದುದರಿಂದ ಮಂಜುಗಡ್ಡೆ ಎಂದು ಹೊಳೆಯಲೇ ಇಲ್ಲ. ತೇವದ ಗಾಳಿಯಲ್ಲಿ ಅಷ್ಟು ಬೆಚ್ಚಗಿದ್ದರೂ ಕಾರ್ಬ್ಯುರೇಟರ್ ಒಳಗೆ ಮಂಜು ಕಟ್ಟುತ್ತದೆ. ಕೊನೆಗೆ ಹೀಟ್ ಎಳೆದೆ. ಎಂಜಿನ್ ಇನ್ನೂ ಜೋರಾಗಿ ಕೆಮ್ಮಿತು, ನಡುಗಿತು. ಆಗ ಹೆದರಿ ಅದನ್ನು ವಾಪಸ್ ಒತ್ತಿಬಿಡಬೇಡ. ಕರಗಿದ ನೀರು ಒಳಗೆ ಹೋಗುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಎಂಜಿನ್ ಸರಿಹೋಯಿತು.

• ರೇಡಿಯೋದಲ್ಲಿ ಮೂರು ಸಲ ಮೇಡೇ, ಎಲ್ಲಿದ್ದೀಯ ಅನ್ನುವುದು, ಅಷ್ಟೇ. ಯಾರೂ ಓಗೊಡದಿದ್ದರೆ 121.5. ಟ್ರಾನ್ಸ್‌ಪಾಂಡರ್‌ಗೆ 7700. ಮಾತಾಡುತ್ತಾ ವೇಗ ಮರೆಯಬೇಡ.

• ಹೊಲ ತಲುಪುವುದು ಖಾತ್ರಿಯಾದ ಮೇಲೆಯೇ ಪೂರ್ತಿ ಫ್ಲ್ಯಾಪ್. ಅದು ಕರೆಂಟಿನಿಂದ ನಡೆಯುವುದು, ಹಾಗಾಗಿ ಮಾಸ್ಟರ್ ಸ್ವಿಚ್ ಆರಿಸುವುದು ಆಮೇಲೆ. ಇಂಧನ, ಮ್ಯಾಗ್ನೆಟೊ ಬಂದ್. ಬೆಲ್ಟ್ ಬಿಗಿ. ಬಾಗಿಲ ಚಿಲಕ ಮೊದಲೇ ತೆಗೆದಿಡು. ಚೌಕಟ್ಟು ಬಾಗಿದರೆ ಬಾಗಿಲು ತೆರೆಯುವುದಿಲ್ಲ. ರೆಕ್ಕೆ ಮುರಿದರೆ ಮುರಿಯಲಿ ಮಗೂ, ವಿಮಾನ ಉಳಿಸಲು ಹೋಗಬೇಡ. ನೀನು ನಡೆದುಕೊಂಡು ಆಚೆ ಬರಬೇಕು.

ಭಾನುವಾರ ಬೆಳಿಗ್ಗೆ ಹ್ಯಾಂಗರ್‌ಗೆ ಬಾ. ನಿಂತ ವಿಮಾನದಲ್ಲಿ ಕಣ್ಣು ಮುಚ್ಚಿ ಕೂರು. ನಾನು ಹೆಸರು ಹೇಳುತ್ತೇನೆ, ನೀನು ಒಂದೊಂದೇ ಮುಟ್ಟಿ ತೋರಿಸು.