‘ತಾಪದೀಪ್ತ’ ಎಂದರೇನು?

ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಮ್ಮೆ ‘ಮಿಂಚುಹುಳುವು ತಾಪದೀಪ್ತ ಜೀವಿ’ ಎಂಬ ವಾಕ್ಯವನ್ನು ನಾವು ಕಂಡೆವು. ‘ತಾಪದೀಪ್ತ’ವೆಂದರೆ ‘ಹೊಳೆಯುವ’ ಎಂದಷ್ಟೇ ಆ ವಿದ್ಯಾರ್ಥಿಯು ತಿಳಿದಿದ್ದನು. ಅವನ ಮಾತು ನಿಜವಾಗಿದ್ದರೆ ಪಾಪ, ಹುಳುವು ಕ್ಷಣಾರ್ಧದಲ್ಲಿ ಬೂದಿಯಾಗುತ್ತಿತ್ತು!

ಪದವನ್ನು ಬಿಡಿಸಿ ನೋಡೋಣ. ತಾಪದಿಂದ ದೀಪ್ತವಾದುದು ತಾಪದೀಪ್ತ. ಇದು ತೃತೀಯಾ ತತ್ಪುರುಷ. ಬೆಳಕೆಂಬ ಕಾರ್ಯದೊಡನೆ ಅದರ ಕಾರಣವನ್ನೂ ಈ ಪದವು ಹೇಳುತ್ತದೆ. ಕೆಂಡವು ‘ನಿಗಿನಿಗಿ’ ಉರಿಯುತ್ತಿದೆ ಎನ್ನುವಾಗ ನಾವು ಬಣ್ಣಿಸುವುದು ಈ ಸ್ಥಿತಿಯನ್ನೇ.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣದ ಸರಳೊಂದು ಕಾಯುತ್ತಿದೆಯೆನ್ನಿ. ಮೊದಮೊದಲು ಅದು ಕಪ್ಪಾಗಿಯೇ ಇರುತ್ತದೆ. ಆದರೂ ಬಳಿಗೆ ಒಯ್ದ ಕೈಗೆ ಝಳ ತಾಕುತ್ತದೆ. ಆಗ ಸರಳು ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ತಾಪ ಏರಿದಂತೆ ಮಸುಕುಗೆಂಪು, ಕಿತ್ತಳೆ, ಹಳದಿ, ಕೊನೆಗೆ ಬೆಳ್ಳಗಿನ ಹೊಳಪು ಕ್ರಮವಾಗಿ ತೋರುತ್ತವೆ. ಜಾನ್ ವಿಲಿಯಂ ಡ್ರೇಪರ್ ಎಂಬ ವಿಜ್ಞಾನಿಯು 1847ರಲ್ಲಿ ಪ್ಲಾಟಿನಂ, ಹಿತ್ತಾಳೆ ಮುಂತಾದ ವಸ್ತುಗಳನ್ನು ಬಂದೂಕಿನ ನಳಿಗೆಯೊಳಗಿಟ್ಟು ಕಾಯಿಸಿದನು. ಘನವಸ್ತುಗಳು ಸಾಮಾನ್ಯವಾಗಿ ಒಂದೇ ತಾಪದಲ್ಲಿ, ಸುಮಾರು 525 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಂಪಗೆ ಹೊಳೆಯತೊಡಗುವುದನ್ನು ಕಂಡನು. ಈ ಹೊಳಪಿನ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ವಸ್ತುವಲ್ಲ, ತಾಪ.

ಹಳೆಯ ವಿದ್ಯುದ್ದೀಪದೊಳಗಿನ ಟಂಗ್‌ಸ್ಟನ್ ತಂತಿಯೂ ತಾಪದೀಪ್ತವೇ. ಅದರ ತಾಪ ಸುಮಾರು 2500 ಡಿಗ್ರಿ. ಆದರೆ ಅದು ಪಡೆದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲೂ ಬೆಳಕಾಗದು. ಉಳಿದುದೆಲ್ಲ ಶಾಖವಾಗಿ ವ್ಯರ್ಥ. ಅದು ಮನೆಗಳಿಂದ ಮರೆಯಾಗುತ್ತಿರುವುದಕ್ಕೆ ಕಾರಣವಿದೇ.

ಪದವನ್ನು ಬಳಸುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈ ಬೆಳಕು ವಸ್ತುವಿನ ಸ್ವಂತ ತಾಪದಿಂದಲೇ ಹುಟ್ಟಿತೆ? ಕೆಂಪು ಇಟ್ಟಿಗೆಯು ಪರರ ಬೆಳಕನ್ನು ಪ್ರತಿಫಲಿಸುತ್ತದೆ. ಕತ್ತಲೆಯಲ್ಲಿ ಅದು ಕಾಣದು. ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿಯಿಂದ ಹೊಮ್ಮಿದ ಅತಿನೇರಳೆ ಕಿರಣಗಳು ಒಳಲೇಪವನ್ನು ಬೆಳಗಿಸುತ್ತವೆ, ಅದು ಪ್ರತಿದೀಪ್ತಿ. ಮಿಂಚುಹುಳುವಿನದು ರಾಸಾಯನಿಕ ಕ್ರಿಯೆಯಿಂದ ಬಂದ ತಂಪು ಬೆಳಕು. ಉರಿಗಳಲ್ಲಿಯೂ ಭೇದವುಂಟು. ಎಣ್ಣೆದೀಪದ ಹಳದಿ ಉರಿಯಲ್ಲಿ ಹೊಳೆಯುವುದು ಕಾದ ಮಸಿಯ ಕಣಗಳು, ಅವು ತಾಪದೀಪ್ತ. ಗ್ಯಾಸ್ ಒಲೆಯ ನೀಲಿ ಬೆಳಕಾದರೋ ದಹನಕ್ರಿಯೆಯಲ್ಲಿ ಉದ್ರಿಕ್ತವಾದ ಅಣುಗಳದು; ಅದಕ್ಕೆ ಈ ಹೆಸರು ಸಲ್ಲದು.

ಈಗ ವಾಚಕರೇ ಪರೀಕ್ಷಿಸಲಿ: ಸೂರ್ಯ, ಚಂದ್ರ, ಜ್ವಾಲಾಮುಖಿಯ ಲಾವಾರಸ, ಎಲ್‌ಇಡಿ ದೀಪ—ಇವುಗಳಲ್ಲಿ ತಾಪದೀಪ್ತವಾದವು ಎರಡೇ. ಅವು ಯಾವುವು? ಉಳಿದೆರಡು ಏಕೆ ಅಲ್ಲ? ಕಾರಣ ಹೇಳಬಲ್ಲವನಿಗೆ ಪದದ ಅರ್ಥ ಕೈವಶವಾಯಿತೆಂದೇ ತಿಳಿಯಬೇಕು.